ನಂಬುಗೆಯ ಬೆಡಿ

ನಮ್ಮ ಕುಂಬಳೆ ಸೀಮೆಯಲ್ಲಿ ಬೆಡಿ ಎಂಬ ಒಂದೇ ಶಬ್ದಕ್ಕೆ ಎರಡು ಅರ್ಥಗಳುಂಟು. ಮಕರಮಾಸದಲ್ಲಿ ಕುಂಬಳೆಯ ಗೋಪಾಲಕೃಷ್ಣ ದೇವಾಲಯದ ಉತ್ಸವದ ರಾತ್ರಿ ಊರಿಗೆ ಊರೇ ನೆರೆದು ಕತ್ತೆತ್ತಿ ನೋಡುವ ಸಿಡಿಮದ್ದಿನ ವೈಭವವೂ ಬೆಡಿಯೇ. ಅಡಕೆ ತೋಟದ ಅಂಚಿನ ಹಳೆಯ ಮನೆಗಳ ಒಳಕೋಣೆಯಲ್ಲಿ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ, ಎಣ್ಣೆಬಟ್ಟೆ ಸುತ್ತಿಸಿಕೊಂಡು ಮೌನವಾಗಿರುವ ಕೋವಿಯೂ ಬೆಡಿಯೇ. ಗಡಿಯಾಚೆಗೂ ಈಚೆಗೂ ಸಲ್ಲುವ ಈ ಪದ ಮಲೆಯಾಳದ ‘ವೆಡಿ’ಯ ಒಡಹುಟ್ಟಾಗಿರುವುದರಿಂದ, ಮೂರು ಭಾಷೆಗಳು ಒಂದೇ ಅಂಗಳದಲ್ಲಿ ಮಾತಾಡಿಕೊಳ್ಳುವ ಕಾಸರಗೋಡಿನಲ್ಲಿ ಯಾರೂ ಅದನ್ನು ಬಿಡಿಸಿ ಹೇಳಬೇಕಾದ ಪ್ರಮೇಯ ಬರುವುದಿಲ್ಲ.

ಕಳೆದ ಮಳೆಗಾಲದ ಆರಂಭದಲ್ಲಿ ನೆರೆಕರೆಯ ತರುಣನೊಬ್ಬನು ನಮ್ಮ ಜಗಲಿಗೆ ಬಂದು, ವೀಳ್ಯದ ತಟ್ಟೆಯನ್ನು ಬದಿಗೆ ಸರಿಸಿ, ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತನ್ನು ಹೊರಹಾಕಿದನು: “ಮಾಷ್ಟ್ರೇ, ಒಂದು ಪಿಸ್ತೂಲು ತೆಗೆಯುವ ಅಂತ ಉಂಟು. ಕೈಯಲ್ಲಿ ಹೆಚ್ಚು ದುಡ್ಡಿಲ್ಲ. ಹೊತ್ತಿಗೆ ಕೈಕೊಡದಂಥದ್ದು ಯಾವುದು, ನೀವೇ ಹೇಳಬೇಕು.” ಆತನ ತೋಟಕ್ಕೆ ಕಾಡುಹಂದಿ ಇಳಿಯುತ್ತಿತ್ತು, ಮನೆಯಲ್ಲಿ ವೃದ್ಧೆಯಾದ ತಾಯಿಯೊಬ್ಬಳೇ ಇರುತ್ತಿದ್ದಳು, ಅಡಕೆ ಮಾರಿದ ಹಣವನ್ನು ತರುವ ದಾರಿ ನಿರ್ಜನವಾಗಿತ್ತು. ಈ ಮೂರು ಭಯಗಳು ಆತನ ಮನಸ್ಸಿನಲ್ಲಿ ಒಂದಾಗಿ ಬೆರೆತು, ಪಿಸ್ತೂಲು ಎಂಬ ಒಂದೇ ಪರಿಹಾರದ ರೂಪವನ್ನು ತಾಳಿದ್ದುವು. ಅಂದು ಆತನಿಗೆ ಅರೆಬರೆಯಾಗಿ ಹೇಳಿದ್ದನ್ನು ಇಂದು ಸಾವಧಾನವಾಗಿ ಬರೆಯುತ್ತಿದ್ದೇನೆ. ಏಕೆಂದರೆ ಇದೇ ಪ್ರಶ್ನೆಯನ್ನು ಇಟ್ಟುಕೊಂಡವರು ನಮ್ಮ ಗಡಿನಾಡಿನಲ್ಲಿ ಅವನೊಬ್ಬನೇ ಅಲ್ಲ.

ಆಯುಧವನ್ನು ಆರಿಸುವುದಕ್ಕೆ ಮುಂಚೆ, ಆಯುಧಗಳನ್ನು ನಮ್ಮ ಶಾಸನವು ಹೇಗೆ ವಿಂಗಡಿಸಿದೆಯೆಂಬುದನ್ನು ತಿಳಿಯತಕ್ಕದ್ದು. 1878ರ ಬ್ರಿಟಿಷರ ಕಾಯಿದೆಯ ಸ್ಥಾನದಲ್ಲಿ ಬಂದ 1959ರ ಆಯುಧ ಕಾಯಿದೆಯು ಹದಿಮೂರನೆಯ ವಿಧಿಯಲ್ಲಿ, ನನ್ನ ದೃಷ್ಟಿಯಲ್ಲಿ ಬಹಳ ವಿವೇಕಯುಕ್ತವಾದ ಒಂದು ಭೇದವನ್ನು ಮಾಡಿದೆ. ಬೆಳೆಯ ರಕ್ಷಣೆಗಾಗಿ ಪ್ರಾಮಾಣಿಕವಾಗಿ ಬೇಡುವವನಿಗೆ ಬಾಯಿಯಿಂದ ಮದ್ದು ತುಂಬುವ ಕೋವಿ, ಅಂದರೆ ನಮ್ಮವರು ಕೇಪಿನ ಕೋವಿ ಎನ್ನುವುದು. ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ, ನಳಿಗೆಯ ಉದ್ದ 20 ಅಂಗುಲಕ್ಕೆ ಕಡಿಮೆಯಿಲ್ಲದ, ಒಳಮೈ ನುಣುಪಾದ ತೋಟಾ ಕೋವಿ. ಇವೆರಡನ್ನೂ ನಿರಾಕರಿಸುವುದಕ್ಕೆ ಬೇರೆ ಕಾರಣವಿಲ್ಲದ ಪಕ್ಷದಲ್ಲಿ ಅಧಿಕಾರಿಯು ಕೊಡತಕ್ಕದ್ದೆಂದು ವಿಧಿಸಲಾಗಿದೆ. ಕೇಪಿನ ಕೋವಿಯಿಂದ ಬೆಳೆಯ ರಕ್ಷಣೆ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ರೈತನಿಗೆ ತೋಟಾ ಕೋವಿಯನ್ನೇ ಕೊಡಬಹುದೆಂಬ ಉಪವಾಕ್ಯವೂ ಅಲ್ಲಿಯೇ ಉಂಟು. ನಮ್ಮ ಕೃಷಿಕರಲ್ಲಿ ಬಹುಮಂದಿ ಅದನ್ನು ಅರಿಯದೆ ಅರ್ಜಿ ಬರೆಯುತ್ತಾರೆ. ಪಿಸ್ತೂಲು ಮತ್ತು ರಿವಾಲ್ವರುಗಳಾದರೋ ಈ ಸುಲಭವಾದ ಪಂಕ್ತಿಯಲ್ಲಿ ಕೂಡುವುದಿಲ್ಲ. ಅವುಗಳಿಗೆ ಅರ್ಜಿದಾರನು ತಕ್ಕ ಕಾರಣವನ್ನು ತೋರಿಸಿ, ಅದು ನಿಜವೆಂದು ಅಧಿಕಾರಿಯನ್ನು ಒಪ್ಪಿಸಬೇಕು. ಇದರ ತಾತ್ಪರ್ಯವೇನೆಂದರೆ, ಬಗಲಲ್ಲಿ ಅಡಗುವ ಆಯುಧಕ್ಕೂ ಹೆಗಲ ಮೇಲೆ ಎಲ್ಲರಿಗೂ ಕಾಣುವಂತೆ ಹೊರುವ ಆಯುಧಕ್ಕೂ ಶಾಸನದ ಕಣ್ಣಿನಲ್ಲಿ ಮಹತ್ತಾದ ಅಂತರವುಂಟು. 1948ರ ಜನವರಿ 30ರ ಸಂಜೆ ದಿಲ್ಲಿಯ ಪ್ರಾರ್ಥನಾಸಭೆಯಲ್ಲಿ ಮಹಾತ್ಮರ ಎದೆಗೆ ಗುರಿಯಾದುದು ಇಟಲಿಯಲ್ಲಿ ತಯಾರಾದ ಬೆರೆಟ್ಟಾ ಎಂಬ ಅರೆಸ್ವಯಂಚಾಲಿತ ಪಿಸ್ತೂಲು ಎಂಬುದನ್ನು ನೆನೆದಾಗ, ಈ ಅಂತರವನ್ನು ಅನಾವಶ್ಯಕವೆಂದು ಹೇಳಲು ನನಗೆ ನಾಲಗೆ ಬಾರದು.

ನಮ್ಮ ಮನೆಯ ಕೋವಿಯ ಪರವಾನಗಿಯ ಕಥೆ ಈ ನಾಡಿನ ಕಥೆಯೂ ಆಗಿದೆ. ಅಜ್ಜನ ಕಾಲದಲ್ಲಿ ಕಾಸರಗೋಡು ತಾಲೂಕು ಮದ್ರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುದರಿಂದ ಕಾಗದವು ಮಂಗಳೂರಿನ ಕಲೆಕ್ಟರರ ಕಚೇರಿಯಿಂದ ಬರುತ್ತಿತ್ತು. 1956ರ ನವೆಂಬರ್ ಒಂದರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ, ಮರುವರ್ಷದ ಆರಂಭದಿಂದ ನಾವು ಕಣ್ಣೂರು ಜಿಲ್ಲೆಯವರೆನಿಸಿಕೊಂಡ ಮೇಲೆ, ಅಪ್ಪನು ಅದೇ ಕಾಗದವನ್ನು ಹಿಡಿದುಕೊಂಡು ದಕ್ಷಿಣಾಭಿಮುಖವಾಗಿ ಕಣ್ಣೂರಿಗೆ ಹೋಗಿಬರುತ್ತಿದ್ದನು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ ತರುವಾಯ ನನಗೆ ವಿದ್ಯಾನಗರದ ಕಲೆಕ್ಟರೇಟು ಸಾಕಾಯಿತು. ಕೋವಿ ಇದ್ದ ಮೂಲೆಯನ್ನು ಬಿಟ್ಟು ಅಲುಗಲಿಲ್ಲ. ಅದರ ಒಡೆತನಕ್ಕೆ ಮುದ್ರೆಯೊತ್ತುವ ಊರು ಮಾತ್ರ ಎರಡು ಬಾರಿ ಬದಲಾಯಿತು, ಮುದ್ರೆಯ ಲಿಪಿಯೂ ಬದಲಾಯಿತು. ಭಾಷಾ ಅಲ್ಪಸಂಖ್ಯಾತರಾದ ನಾವು ಇಲ್ಲಿಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೇರಳದ ಅಧಿಕೃತ ಭಾಷಾ ಶಾಸನವೇ ಕೊಟ್ಟಿರುವಾಗ, ಆಯುಧದ ಅರ್ಜಿಯಂಥ ಗಂಭೀರ ವಿಷಯದಲ್ಲಿ ತನಗೆ ಅರ್ಥವಾಗದ ನಿಬಂಧನೆಗಳ ಕೆಳಗೆ ಸಹಿ ಹಾಕುವುದು ಯಾರಿಗೂ ಕ್ಷೇಮವಲ್ಲವೆಂದು ತರುಣರಿಗೆ ನಾನು ಸದಾ ಹೇಳುತ್ತಿರುತ್ತೇನೆ.

ನಮ್ಮ ಪೂರ್ವದ ಬೆಟ್ಟಗಳನ್ನು ಏರಿದರೆ ಸಿಗುವ ಕೊಡಗಿನಲ್ಲಿ ಸ್ಥಿತಿ ಬೇರೆ. ಅಲ್ಲಿಯ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ನಡೆದುಬಂದ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿದೆ. ಕೈಲ್‌ಪೊಳ್ದಿನ ದಿನ ಅಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ಪಯಸ್ವಿನಿಯ ನೀರು ಆ ಬೆಟ್ಟಗಳಿಂದಲೇ ನಮ್ಮೆಡೆಗೆ ಹರಿದುಬಂದು ಚಂದ್ರಗಿರಿಯಾಗಿ ಕಡಲನ್ನು ಸೇರುತ್ತದಾದರೂ ಆ ವಿನಾಯಿತಿ ನೀರಿನೊಡನೆ ಇಳಿದು ಬಂದಿಲ್ಲ. ನಾವು ಅರ್ಜಿಯ ದಾರಿಯಲ್ಲಿಯೇ ನಡೆಯಬೇಕಾದವರು.

ಇನ್ನು ಪಿಸ್ತೂಲಿನ ವಿಚಾರ. ಟ್ರಿಗರನ್ನು ಒಮ್ಮೆ ಎಳೆದರೆ ಒಂದೇ ಗುಂಡು ಹಾರಿ, ಮುಂದಿನ ಗುಂಡು ತಾನಾಗಿ ನಳಿಗೆಯೊಳಗೆ ಬಂದು ನಿಲ್ಲುವ ಪಿಸ್ತೂಲಿಗೆ ಅರೆಸ್ವಯಂಚಾಲಿತವೆಂದು ಹೆಸರು. ತೋಟಾ ಸಿಡಿದಾಗ ಹುಟ್ಟುವ ಅನಿಲದ ಒತ್ತಡವು ಗುಂಡನ್ನು ಮುಂದಕ್ಕೆ ನೂಕುವ ಕ್ಷಣದಲ್ಲಿಯೇ ಖಾಲಿ ಚಿಪ್ಪನ್ನು ಹಿಂದಕ್ಕೂ ನೂಕುತ್ತದೆ. ಆ ಹಿಂದಣ ನೂಕಿಗೆ ಮೇಲಿನ ಭಾರವಾದ ಸ್ಲೈಡು ಹಿಂದೆ ಸರಿಯುತ್ತ, ತನ್ನ ಕೊಕ್ಕೆಯಿಂದ ಚಿಪ್ಪನ್ನು ಹೊರಗೆಳೆದು ಎಸೆಯುತ್ತದೆ. ಬಳಿಕ ಸ್ಪ್ರಿಂಗಿನ ಬಲದಿಂದ ಮರಳಿ ಮುಂದೆ ಬರುವಾಗ ಮ್ಯಾಗಜೀನಿನ ಮೇಲ್ತುದಿಯ ತೋಟಾವನ್ನು ಕೊಂಡೊಯ್ದು ನಳಿಗೆಯಲ್ಲಿ ಕೂರಿಸುತ್ತದೆ. ಇಷ್ಟೆಲ್ಲ ಕಾರ್ಯವು ಕಣ್ಣು ಮಿಟುಕಿಸುವುದಕ್ಕಿಂತ ಅಲ್ಪವಾದ ಕಾಲದಲ್ಲಿ ಮುಗಿಯುತ್ತದೆ. ಈ ಸರಳ ವ್ಯವಸ್ಥೆಯನ್ನು ಜೇಬಿನ ಪಿಸ್ತೂಲಿಗೆ ಅಳವಡಿಸಿ, ಅದಕ್ಕೆ ತಕ್ಕ 7.65 ಮಿಲಿಮೀಟರಿನ ತೋಟಾವನ್ನೂ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪಿಸಿದವನು ಅಮೆರಿಕದ ಜಾನ್ ಬ್ರೌನಿಂಗ್ ಎಂಬ ಮಹಾಶಿಲ್ಪಿ. ಬೆಲ್ಜಿಯಮಿನ ಎರ್ಸ್ತಾಲಿನ ಕಾರ್ಖಾನೆಯು ಅವನ ಕಲ್ಪನೆಗೆ ಲೋಹದ ರೂಪವನ್ನು ಕೊಟ್ಟಿತು. 1926ರಲ್ಲಿ ಅವನು ಕೊನೆಯುಸಿರೆಳೆದುದೂ ಅದೇ ಕಾರ್ಖಾನೆಯ ಪರಿಸರದಲ್ಲಿ. ನಮ್ಮ ದೇಶದಲ್ಲಿ ‘ಮೂವತ್ತೆರಡರ ಪಿಸ್ತೂಲು’ ಎಂದು ಕರೆಯುವುದು ಈ ತೋಟಾದ ಪಿಸ್ತೂಲನ್ನೇ.

ಮೂವತ್ತೆರಡೇ ಏಕೆ, ಸಿನಿಮಾಗಳಲ್ಲಿ ಕಾಣುವ ಒಂಬತ್ತು ಮಿಲಿಮೀಟರಿನದು ಏಕಲ್ಲ ಎಂದು ಆ ತರುಣನು ಕೇಳಿದನು. ಸೈನ್ಯವೂ ಪೋಲೀಸರೂ ಬಳಸುವ ತೋಟಾಗಳನ್ನು ಹಾರಿಸಬಲ್ಲ ಆಯುಧಗಳನ್ನು ನಿಷಿದ್ಧ ವರ್ಗಕ್ಕೆ ಸೇರಿಸಿರುವುದರಿಂದ, 9 ಮಿಲಿಮೀಟರಿನ ಪಿಸ್ತೂಲಾಗಲಿ .45ರದಾಗಲಿ .303ರ ಬಂದೂಕಾಗಲಿ ಸಾಮಾನ್ಯ ಪ್ರಜೆಗೆ ಜಿಲ್ಲಾ ಮ್ಯಾಜಿಸ್ಟ್ರೇಟರಿಂದ ದೊರೆಯತಕ್ಕವಲ್ಲ. ಅವುಗಳ ಮಾತು ಕೇಂದ್ರ ಗೃಹ ಮಂತ್ರಾಲಯದವರೆಗೆ ಹೋಗುತ್ತದೆ. ಆದಕಾರಣ ಅನ್ಯದೇಶಗಳ ಪುಸ್ತಕಗಳಲ್ಲಿ ಶ್ರೇಷ್ಠವೆಂದು ಹೊಗಳಿಸಿಕೊಂಡ ಪಿಸ್ತೂಲುಗಳ ಪಟ್ಟಿಯನ್ನು ಓದಿ ಕೊರಗುವುದರಿಂದ ನಮ್ಮವನಿಗೆ ಪ್ರಯೋಜನವಿಲ್ಲ.

ಈಗ ನಂಬುಗೆಯ ಪ್ರಶ್ನೆ. ಆಯುಧ ವ್ಯಾಪಾರ ಸುಲಭವಾಗಿರುವ ದೇಶಗಳಲ್ಲಿ ಪಿಸ್ತೂಲನ್ನು ಕೊಂಡವನು ನೂರಾರು ತೋಟಾಗಳನ್ನು ಹಾರಿಸಿ, ಅದು ಎಷ್ಟು ಸಲ ತಡವರಿಸಿತು, ಎಲ್ಲಿ ಸಿಕ್ಕಿಕೊಂಡಿತು ಎಂದು ಲೆಕ್ಕವಿಟ್ಟು ಅದನ್ನು ನಂಬುವುದೋ ಬಿಡುವುದೋ ನಿರ್ಣಯಿಸುತ್ತಾನೆ. ನಮ್ಮಲ್ಲಿ ಒಬ್ಬನು ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ಪರವಾನಗಿಯ ಮೇಲೆಯೇ ನಮೂದಾಗಿರುತ್ತದೆ. ಬೆಲೆಯೂ ಸಾಮಾನ್ಯನ ಕೈಸುಡುವಂಥದು. ಹೀಗಾಗಿ ನಂಬುಗೆಯನ್ನು ಹಾರಿಸಿ ಪರೀಕ್ಷಿಸುವ ಸೌಕರ್ಯ ನಮಗಿಲ್ಲ; ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಬೇಕು. ಮಿತವ್ಯಯದ ಆಯ್ಕೆಯ ಮರ್ಮವೆಲ್ಲ ಇದರಲ್ಲಿಯೇ ಅಡಗಿದೆಯೆಂದು ನಾನು ಬಲವಾಗಿ ನಂಬಿದ್ದೇನೆ.

ಅರೆಸ್ವಯಂಚಾಲಿತ ಪಿಸ್ತೂಲಿನಲ್ಲಿ ಮೊದಲು ಕೈಕೊಡುವುದು ನಳಿಗೆಯಲ್ಲ, ಮ್ಯಾಗಜೀನು. ತೆಳುವಾದ ತಗಡಿನ ಆ ಪೆಟ್ಟಿಗೆಯ ಬಾಯಲ್ಲಿ ತೋಟಾವನ್ನು ಹಿಡಿದುಕೊಳ್ಳುವ ಎರಡು ತುಟಿಗಳಿವೆ. ಒಮ್ಮೆ ಕೈಜಾರಿ ಸಿಮೆಂಟಿನ ನೆಲಕ್ಕೆ ಬಿದ್ದು ಅವು ಕೂದಲೆಳೆಯಷ್ಟು ಸೊಟ್ಟಗಾದರೂ ತೋಟಾ ತಲೆತಗ್ಗಿಸಿ ನಳಿಗೆಯ ಬುಡಕ್ಕೆ ತಾಗಿ ನಿಲ್ಲುತ್ತದೆ. ಮೂವತ್ತೆರಡರ ತೋಟಾಕ್ಕೆ ಇನ್ನೊಂದು ವಿಶೇಷ ದೋಷವುಂಟು: ಅದರ ಹಿಂಬದಿಯ ಅಂಚು ಒಡಲಿಗಿಂತ ಸ್ವಲ್ಪವೇ ಹೊರಚಾಚಿರುವುದರಿಂದ, ಮ್ಯಾಗಜೀನಿನಲ್ಲಿ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಎರಡೂ ಕಚ್ಚಿಕೊಂಡು ಮುಂದೆ ಹೋಗಲಾರವು. ತುಂಬುವಾಗ ಪ್ರತಿಯೊಂದು ತೋಟಾದ ಅಂಚನ್ನೂ ಕೆಳಗಿನದರ ಮುಂದೆಯೇ ಕೂರಿಸಿ, ಬೆನ್ನನ್ನು ಮ್ಯಾಗಜೀನಿನ ಗೋಡೆಗೆ ಒರಗಿಸುವ ಸಾವಧಾನವುಳ್ಳವನಿಗೆ ಈ ತೊಂದರೆ ಬಹುಮಟ್ಟಿಗೆ ಬಾರದು. ಎರಡನೆಯದಾಗಿ ನೋಡಬೇಕಾದುದು ಚಿಪ್ಪನ್ನು ಎಳೆಯುವ ಕೊಕ್ಕೆ. ಅದರ ಮೂತಿ ಮೊಂಡಾಗಿದ್ದರೆ ಖಾಲಿ ಚಿಪ್ಪು ಒಳಗೇ ಉಳಿದುಬಿಡುತ್ತದೆ. ಬಳಿಕ ಸ್ಪ್ರಿಂಗು, ಸ್ಲೈಡನ್ನು ಮೆಲ್ಲನೆ ಹಿಂದಕ್ಕೆಳೆದು ಬಿಟ್ಟಾಗ ಅದು ಅಳುಕಿಲ್ಲದೆ ಪೂರ್ತಿಯಾಗಿ ಮುಂದೆ ಬಂದು ಮುಚ್ಚಿಕೊಳ್ಳಬೇಕು.

ಇದೇ ಸಂದರ್ಭದಲ್ಲಿ ರಿವಾಲ್ವರಿನ ಗುಣವನ್ನು ಹೇಳದಿದ್ದರೆ ಅನ್ಯಾಯವಾದೀತು. ತಿರುಗುವ ಉರುಳೆಯಲ್ಲಿ ತೋಟಾಗಳನ್ನು ಹೊತ್ತಿರುವ ರಿವಾಲ್ವರಿನಲ್ಲಿ ಒಂದು ತೋಟಾ ಹುಸಿಯಾದರೆ ಮತ್ತೊಮ್ಮೆ ಟ್ರಿಗರೆಳೆಯುವಷ್ಟೇ ಕೆಲಸ. ಉರುಳೆ ತಿರುಗಿ ಮುಂದಿನದು ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಾದರೋ ಹುಸಿಯಾದುದನ್ನು ಎರಡನೆಯ ಕೈಯಿಂದ ಸ್ಲೈಡನ್ನೆಳೆದು ಹೊರಹಾಕಬೇಕು. ಅಭ್ಯಾಸವಿಲ್ಲದವನಿಗೆ ಭೀತಿಯ ಹೊತ್ತಿನಲ್ಲಿ ಅದು ನೆನಪಿಗೆ ಬಾರದು. ನಮ್ಮ ಕರಾವಳಿಯ ಆರ್ದ್ರತೆಯಲ್ಲಿ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಕುಳಿತ ತೋಟಾಗಳು ಹುಸಿಯಾಗುವುದು ಅಪೂರ್ವವಲ್ಲ. ಹಾರಿಸುವ ಅಭ್ಯಾಸವಂತೂ ತೋಟಾಗಳ ಅಭಾವದಿಂದ ಬೆಳೆಯುವುದೇ ಇಲ್ಲ. ಆದುದರಿಂದ ಚಿಕ್ಕ ಆಯುಧವೇ ಬೇಕೆಂದು ನಿಶ್ಚಯಿಸಿದ, ಕೈಯಲ್ಲಿ ಅಲ್ಪ ಹಣವೂ ಅಲ್ಪ ಅಭ್ಯಾಸವೂ ಇರುವ ಗೃಹಸ್ಥನಿಗೆ ನಾನು ರಿವಾಲ್ವರನ್ನೇ ಹೇಳುತ್ತೇನೆ. ಒಂದು ಎಚ್ಚರಿಕೆ ಮಾತ್ರ ಅತ್ಯಗತ್ಯ: ರಿವಾಲ್ವರಿನ ಮೂವತ್ತೆರಡೂ ಪಿಸ್ತೂಲಿನ ಮೂವತ್ತೆರಡೂ ಹೆಸರಿಗೆ ಒಂದೇ ಆದರೂ ತೋಟಾಗಳು ಬೇರೆ ಬೇರೆ, ರಿವಾಲ್ವರಿನದು ಉದ್ದನೆಯದು, ಪಿಸ್ತೂಲಿನದು ಗಿಡ್ಡ. ಪರವಾನಗಿಯಲ್ಲಿ ಯಾವುದೆಂದು ಸ್ಪಷ್ಟವಾಗಿ ಬರೆಯಿಸಿಕೊಳ್ಳತಕ್ಕದ್ದು. ಒಂದರ ತೋಟಾವನ್ನು ಇನ್ನೊಂದಕ್ಕೆ ತುಂಬಲು ಎಂದೂ ಯತ್ನಿಸಬಾರದು.

ಪೇಟೆಯಲ್ಲಿ ದೊರೆಯುವುದೇನು? 1980ರ ದಶಕದ ಮಧ್ಯಭಾಗದಿಂದ ಖಾಸಗಿ ವ್ಯಕ್ತಿಗಳ ಆಯುಧ ಆಮದಿಗೆ ಬಾಗಿಲು ಮುಚ್ಚಿರುವುದರಿಂದ, ಅದಕ್ಕೆ ಮೊದಲು ಬಂದ ವಾಲ್ಥರ್, ವೆಬ್ಲಿ, ಕೋಲ್ಟ್, ಬ್ರೌನಿಂಗ್ ಮುಂತಾದ ವಿದೇಶೀ ಪಿಸ್ತೂಲುಗಳು ಕೈಯಿಂದ ಕೈಗೆ ದಾಟುತ್ತ, ಹಳೆಯದಾದಷ್ಟೂ ಬೆಲೆಯೇರಿ ಲಕ್ಷಾಂತರ ರೂಪಾಯಿಗಳಿಗೆ ಮಾರಾಟವಾಗುತ್ತವೆ. ಅವುಗಳ ಕೌಶಲ್ಯ ನಿಸ್ಸಂದೇಹವಾಗಿ ಉತ್ತಮವಾದುದು. ಆದರೆ ಎಂಬತ್ತು ವರ್ಷದ ಪಿಸ್ತೂಲಿಗೆ ಒಂದು ಕೊಕ್ಕೆ ಮುರಿದರೆ ಅದನ್ನು ತಂದುಕೊಡುವವರು ಮಂಗಳೂರಿನಲ್ಲೂ ಇಲ್ಲ, ಕಣ್ಣೂರಿನಲ್ಲೂ ಇಲ್ಲ. ಮಿತ ಸಂಪತ್ತಿನವನಿಗೆ ಉಳಿಯುವುದು ಸರಕಾರಿ ಕಾರ್ಖಾನೆಗಳ ತಯಾರಿಕೆ. ‘ಅಶನಿ’ ಎಂಬುದು ಅವರ ಮೂವತ್ತೆರಡರ ಪಿಸ್ತೂಲಿನ ನಾಮಧೇಯ. ಸಂಸ್ಕೃತದಲ್ಲಿ ಸಿಡಿಲೆಂದು ಅರ್ಥ. 2014ರಲ್ಲಿ ಕಾನ್ಪುರದಿಂದ ಹೊರಬಂದ, ಸುಮಾರು 500 ಗ್ರಾಮು ತೂಕದ ‘ನಿರ್ಭೀಕ್’ ಎಂಬ ರಿವಾಲ್ವರಿಗೆ ಆ ದಿನಗಳಲ್ಲಿಯೇ 1,22,360 ರೂಪಾಯಿ ಬೆಲೆಯಿಟ್ಟಿದ್ದರು. ಅದು ಹಗುರಾದ ಮಿಶ್ರಲೋಹದ ಬೆಲೆ. 2021ರ ಅಕ್ಟೋಬರಿನಲ್ಲಿ ಆಯುಧ ಕಾರ್ಖಾನೆಗಳ ಹಳೆಯ ಮಂಡಲಿಯನ್ನು ವಿಸರ್ಜಿಸಿ ಏಳು ಕಂಪೆನಿಗಳನ್ನು ರಚಿಸಿದ ಮೇಲೆ, ಈ ಬಗೆಯ ಸಣ್ಣ ಆಯುಧಗಳು ಕಾನ್ಪುರದ ಕಂಪೆನಿಯ ಪಾಲಿಗೆ ಹೋಗಿವೆ. ಕಾರ್ಖಾನೆಯ ಆಯುಧದಲ್ಲಿ ಹೊಳಪು ಕಡಿಮೆಯಿದ್ದೀತು, ಟ್ರಿಗರು ಬಿಗಿಯೆನಿಸೀತು. ಆದರೆ ಅದಕ್ಕೆ ಒಂದು ವಿಳಾಸವುಂಟು, ಕೆಟ್ಟರೆ ಕಳಿಸುವುದಕ್ಕೊಂದು ಸ್ಥಳವುಂಟು. ತೋಟಾವನ್ನು ಪುಣೆಯ ಬಳಿಯ ಖಡ್ಕಿಯಲ್ಲಿ ಸ್ವದೇಶದಲ್ಲಿಯೇ ಮಾಡುತ್ತಾರೆ. ಬಡವನ ಆಯ್ಕೆಯಲ್ಲಿ ಇವು ಸಣ್ಣ ಗುಣಗಳಲ್ಲ.

ಬಳಸಿದ ಆಯುಧವನ್ನು ಕೊಳ್ಳುವವನು ಮೊದಲು ಕಾಗದವನ್ನೂ ಬಳಿಕ ಲೋಹವನ್ನೂ ನೋಡತಕ್ಕದ್ದು. ಚೌಕಟ್ಟಿನ ಮೇಲೆ ಕೆತ್ತಿದ ಸಂಖ್ಯೆಯು ಮಾರುವವನ ಪರವಾನಗಿಯಲ್ಲಿರುವುದಕ್ಕೆ ಅಕ್ಷರಶಃ ಹೊಂದಬೇಕು. ಮಾರುವವನು ಕೊಳ್ಳುವವನ ಹೆಸರು ವಿಳಾಸಗಳನ್ನು ತಿಳಿಸಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಸಮೀಪದ ಪೋಲೀಸು ಠಾಣೆಗೋ ಬರೆದು ಕೊಟ್ಟು, 45 ದಿನಗಳು ಕಳೆದ ಹೊರತು ಕೈ ಬದಲಾಯಿಸುವಂತಿಲ್ಲ. ಆ ಅವಧಿಯನ್ನು ಬಹಳ ಮಂದಿ ವಿಘ್ನವೆಂದು ತಿಳಿಯುತ್ತಾರೆ. ನಾನಾದರೋ ಅದನ್ನು ಆಯುಧವನ್ನು ಮತ್ತೆ ಮತ್ತೆ ನೋಡುವುದಕ್ಕೆ ದೊರೆತ ಸಮಯವೆಂದೇ ಭಾವಿಸುತ್ತೇನೆ. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ಸುರುಳಿಗೆರೆಗಳು ಚೂಪಾಗಿ, ಗುಳಿಗಳಿಲ್ಲದೆ ಕಾಣಬೇಕು. ನಳಿಗೆಯ ನಡುವೆ ಉಂಗುರದಂಥ ನೆರಳು ಕಂಡರೆ, ಹಿಂದೆಂದೋ ಒಳಗೆ ಸಿಕ್ಕಿದ ಗುಂಡಿನ ಮೇಲೆ ಇನ್ನೊಂದನ್ನು ಹಾರಿಸಿ ಲೋಹ ಉಬ್ಬಿದೆಯೆಂದು ತಿಳಿದು, ಎಷ್ಟು ಅಗ್ಗವಾದರೂ ಕೆಳಗಿಟ್ಟು ಬರಬೇಕು. ಮೂಲ ಮ್ಯಾಗಜೀನು ಒಂದಾದರೂ, ಸಾಧ್ಯವಾದರೆ ಎರಡು, ಜೊತೆಗಿರಬೇಕು.

ಎಲ್ಲಕ್ಕಿಂತ ಅಗ್ಗವಾದ ಬೆಡಿಯೊಂದು ನಮ್ಮ ಗಡಿಯ ಕಾಡುಗಳಲ್ಲಿ ಯಾವಾಗಲೂ ದೊರೆಯುತ್ತ ಬಂದಿದೆ; ಅದೇ ಪರವಾನಗಿಯಿಲ್ಲದ ಕಳ್ಳಕೋವಿ. ಅದರ ನಳಿಗೆ ಯಾವ ಕೊಳವೆಯಾಗಿತ್ತೋ, ಅದನ್ನು ಬೆಸೆದವನ ಕೈ ಹೇಗಿತ್ತೋ ಬಲ್ಲವರಿಲ್ಲ. 2019ರ ತಿದ್ದುಪಡಿಯ ತರುವಾಯ ಪರವಾನಗಿಯಿಲ್ಲದ ಕೋವಿಯನ್ನು ಇಟ್ಟುಕೊಂಡುದಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸವುಂಟು. ಬೆರಳು ಕಳೆದುಕೊಂಡವರ ಶಿಕ್ಷೆ ಅದಕ್ಕಿಂತ ದೀರ್ಘ.

ಇಷ್ಟನ್ನೂ ಹೇಳಿದ ಮೇಲೆ ನಾನು ಆ ತರುಣನನ್ನು ಕೇಳಿದೆ: “ಮೂರು ಭಯದಲ್ಲಿ ನಿನಗೆ ದಿನಾ ಎದುರಾಗುವುದು ಯಾವುದು?” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂದಿ, ಮಾಷ್ಟ್ರೇ. ಉಳಿದದ್ದು ಮನಸ್ಸಿನ ಲೆಕ್ಕ” ಎಂದನು.

ಹಂದಿಗಾದರೆ ಪಿಸ್ತೂಲಿನ ಮಾತನ್ನೇ ಬಿಡಬೇಕು. ಮೂವತ್ತೆರಡರ ಗುಂಡು ತೂಗುವುದು ಐದು ಗ್ರಾಮಿಗೂ ಕಡಿಮೆ. ದಪ್ಪ ಚರ್ಮದ, ಭುಜದಲ್ಲಿ ಗಟ್ಟಿ ಮಾಂಸವುಳ್ಳ ಕಾಡುಹಂದಿಯನ್ನು ಅದು ಕೊಲ್ಲದೆ ಗಾಯಗೊಳಿಸಿ ಬಿಟ್ಟರೆ, ಆ ಪ್ರಾಣಿಯು ನೋವಿನಿಂದ ಮತಿಗೆಟ್ಟು ಮರುದಿನ ಸೊಪ್ಪಿಗೆ ಹೋದ ಹೆಂಗಸಿನ ಮೇಲೆ ಎರಗೀತು. ಹನ್ನೆರಡು ಬೋರಿನ ಒಂಟಿನಳಿಗೆಯ ತೋಟಾ ಕೋವಿಯಾದರೋ, ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಮಾಡಿದರೆ ಅವುಗಳಲ್ಲಿ ಒಂದು ಸರಿಯಾಗಿ ಹೋಗುವಷ್ಟು ಅಗಲದ, ಸುಮಾರು 18.5 ಮಿಲಿಮೀಟರಿನ ಬಾಯುಳ್ಳದ್ದು. ದಪ್ಪ ಚರೆಯ ಎಲ್‌ಜಿ, ಎಸ್‌ಜಿ ತೋಟಾಗಳು ನಮ್ಮ ಬೇಟೆಗಾರರಿಗೆ ತಲೆಮಾರುಗಳಿಂದ ಪರಿಚಿತ. ಅದರಲ್ಲಿ ಚಲಿಸುವ ಭಾಗಗಳು ಅತ್ಯಲ್ಪವಾದುದರಿಂದ ಕೆಡತಕ್ಕದ್ದೂ ಅತ್ಯಲ್ಪ. ನಂಬುಗೆಯನ್ನು ಅಗ್ಗದಲ್ಲಿ ಕೊಳ್ಳಬಯಸುವವನಿಗೆ ನನ್ನ ಬುದ್ಧಿಗೆ ತೋರುವ ಅತ್ಯುತ್ತಮ ಆಯುಧ ಇದೇ.

ಇಲ್ಲಿಯೂ ಹಳೆಯದನ್ನು ಕೊಳ್ಳುವವರಿಗೆ ಎರಡು ಮಾತು. ನಳಿಗೆಯ ಮೇಲೆ ಮರದ ನೆರಿಗೆಯಂಥ ಚಿತ್ತಾರವಿದ್ದರೆ ಅದು ಉಕ್ಕು ಕಬ್ಬಿಣಗಳ ಪಟ್ಟಿಗಳನ್ನು ಸುತ್ತಿ ಬೆಸೆದ ಪುರಾತನ ನಳಿಗೆ. ನೋಡುವುದಕ್ಕೆ ಅದೆಷ್ಟು ಮನೋಹರವಾಗಿದ್ದರೂ ಇಂದಿನ ಹೊಗೆಯಿಲ್ಲದ ಮದ್ದಿನ ಒತ್ತಡವನ್ನು ತಾಳುವ ಭರವಸೆಯಿಲ್ಲ. ಅದಲ್ಲದೆ ಹಳೆಯ ಕೋವಿಗಳ ತೋಟಾಗೂಡು 65 ಮಿಲಿಮೀಟರಿನದಾಗಿರುವುದುಂಟು. ಈಗಿನ 70 ಮಿಲಿಮೀಟರಿನ ತೋಟಾ ಅದರೊಳಗೆ ಕುಳಿತರೂ, ಸಿಡಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಸ್ಥಳ ಸಾಲದೆ ಒತ್ತಡವು ಅಪಾಯಕ್ಕೆ ಏರುತ್ತದೆ.

ಕೋವಿ ಇದ್ದ ಮಾತ್ರಕ್ಕೆ ಹಂದಿಯನ್ನು ಹೊಡೆಯುವ ಅಧಿಕಾರ ಬಂದಂತಲ್ಲ. 1972ರ ವನ್ಯಜೀವಿ ಕಾಯಿದೆಯ ರಕ್ಷಣೆ ಅದಕ್ಕೂ ಇದೆ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರವು ಪಂಚಾಯತು ಅಧ್ಯಕ್ಷರಿಗೂ ನಗರಸಭೆಗಳ ಮುಖ್ಯಸ್ಥರಿಗೂ ಗೌರವ ವನ್ಯಜೀವಿ ಪಾಲಕರ ಸ್ಥಾನವನ್ನು ಕೊಟ್ಟು, ಜನರಿಗೂ ಬೆಳೆಗೂ ಪೀಡೆಯಾದ ಕಾಡುಹಂದಿಯನ್ನು ಪರವಾನಗಿಯುಳ್ಳ ಬಂದೂಕುಧಾರಿಗಳಿಂದ ಕೊಲ್ಲಿಸಲು ಅನುಮತಿಸುವ ಅಧಿಕಾರವನ್ನು ವಹಿಸಿತು. ವಿಷ, ಸ್ಫೋಟಕ, ವಿದ್ಯುತ್ತಿನ ಬೇಲಿಗಳನ್ನು ಬಳಸಬಾರದು. ಸತ್ತ ಹಂದಿಯನ್ನು ತಿನ್ನದೆ ಕ್ರಮವಾಗಿ ಹೂಳಬೇಕು. ಎಣ್ಮಕಜೆಯಿಂದ ದೇಲಂಪಾಡಿಯವರೆಗಿನ ನಮ್ಮ ಪಂಚಾಯತುಗಳಲ್ಲಿ ಪರವಾನಗಿಯುಳ್ಳ ಕೋವಿಯೊಂದು ಇಂದು ಒಬ್ಬ ಗೃಹಸ್ಥನ ಸ್ವತ್ತು ಮಾತ್ರವಾಗಿರದೆ ಇಡೀ ಊರಿನ ಉಪಕಾರಕ್ಕೆ ಒದಗುವುದು ಈ ಕಾರಣದಿಂದ. (ಕಾರಡ್ಕ, ಮುಳಿಯಾರುಗಳ ಕಡೆಗೆ ಇಳಿಯುವ ಆನೆಗಳ ಮಾತು ಬೇರೆ, ಅವುಗಳ ಎದುರಿಗೆ ಯಾವ ಖಾಸಗಿ ಕೋವಿಯನ್ನೂ ಎತ್ತತಕ್ಕದ್ದಲ್ಲ.)

ಕೋವಿಯ ನಿಜವಾದ ಶತ್ರು ನಮ್ಮ ಮಳೆ. ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರು ಮಳೆ ಸುರಿಯುವ, ಬೇಸಗೆಯಲ್ಲಿಯೂ ಕಡಲಿನ ಉಪ್ಪುಗಾಳಿ ಬೀಸುವ ಈ ನೆಲದಲ್ಲಿ ಚರ್ಮದ ಚೀಲದೊಳಗೆ ಇಟ್ಟ ಆಯುಧವು ಆಟಿ ತಿಂಗಳು ಕಳೆಯುವುದರೊಳಗೆ ಕೆಂಪಾಗುತ್ತದೆ. ಚರ್ಮವು ತೇವವನ್ನು ಹೀರಿ ಹಿಡಿದಿಡುತ್ತದೆ. ಒಮ್ಮೆ ಚುನಾವಣೆಯ ಕಾಲದಲ್ಲಿ ನಮ್ಮ ಕೋವಿಯನ್ನು ಠೇವಣಿಯಿಟ್ಟು, ಎರಡು ತಿಂಗಳ ಬಳಿಕ ಬಿಡಿಸಿಕೊಂಡು ಬಂದಾಗ ನಳಿಗೆಯೊಳಗೆ ತುಕ್ಕಿನ ಚುಕ್ಕೆಗಳು ಮೂಡಿದ್ದುವು. ಅವುಗಳನ್ನು ಎಷ್ಟು ತಿಕ್ಕಿದರೂ ಇಂದಿಗೂ ಬೆಳಕಿಗೆ ಹಿಡಿದರೆ ಕಾಣುತ್ತವೆ. ಒಪ್ಪಿಸುವ ಮುಂಚೆ ನಳಿಗೆಗೆ ಎಣ್ಣೆ ಹಾಯಿಸದೆ ಇದ್ದುದು ನನ್ನ ತಪ್ಪೂ ಹೌದು. ಚುನಾವಣೆಯ ನೀತಿಸಂಹಿತೆ ಜಾರಿಯಾದಾಗ ಯಾರು ಆಯುಧವನ್ನು ಒಪ್ಪಿಸಬೇಕೆಂಬುದನ್ನು ಪರಿಶೀಲಿಸಿ ನಿರ್ಣಯಿಸುವುದಕ್ಕೆ ಜಿಲ್ಲೆಯಲ್ಲಿ ಸಮಿತಿಯೊಂದು ಇರುತ್ತದೆ. ಹಂದಿಯ ಹಾವಳಿಯುಳ್ಳ ಕೃಷಿಕನು ತನ್ನ ಸ್ಥಿತಿಯನ್ನು ಬರೆದು ಅದರ ಮುಂದಿಡುವುದು ಉಚಿತ.

ಪಿಸ್ತೂಲನ್ನೇ ಕೊಂಡವರಿಗೆ ನಾನು ಮರೆಯದೆ ಹೇಳುವ ಮಾತೊಂದುಂಟು. ಮ್ಯಾಗಜೀನನ್ನು ಹೊರತೆಗೆದರೆ ಪಿಸ್ತೂಲು ಬರಿದಾಯಿತೆಂದು ಭಾವಿಸುವುದರಿಂದ ಎಷ್ಟೋ ಮನೆಗಳ ದೀಪ ನಂದಿದೆ. ಮ್ಯಾಗಜೀನು ಕೈಗೆ ಬಂದ ಮೇಲೆಯೂ ಒಂದು ತೋಟಾ ನಳಿಗೆಯಲ್ಲಿ ಕುಳಿತಿರಬಹುದು. ಆದುದರಿಂದ ಮೊದಲು ಮ್ಯಾಗಜೀನನ್ನು ತೆಗೆದು, ಬಳಿಕ ಸ್ಲೈಡನ್ನು ಪೂರ್ತಿಯಾಗಿ ಹಿಂದಕ್ಕೆಳೆದು, ನಳಿಗೆಯ ಬುಡವನ್ನು ಕಣ್ಣಿನಿಂದ ಕಂಡು, ಕತ್ತಲಾದರೆ ಕಿರುಬೆರಳಿನಿಂದ ಮುಟ್ಟಿ ನೋಡಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಮ್ಯಾಗಜೀನಿನಿಂದ ಹೊಸ ತೋಟಾವೊಂದು ನಳಿಗೆಗೆ ಏರುತ್ತದೆ. 2016ರ ಆಯುಧ ನಿಯಮಗಳು ಅರ್ಜಿದಾರನಿಂದ ತರಬೇತಿಯ ಪ್ರಮಾಣಪತ್ರವನ್ನೂ ವೈದ್ಯಕೀಯ ಪತ್ರವನ್ನೂ ಸುರಕ್ಷಿತವಾಗಿ ಇರಿಸುವ ವಾಗ್ದಾನವನ್ನೂ ಕೇಳುವುದು ಸುಮ್ಮನೆ ಅಲ್ಲ. ಆಯುಧವು ಒಂದು ಬೀಗದೊಳಗೆ, ತೋಟಾ ಇನ್ನೊಂದು ಬೀಗದೊಳಗೆ. ಕೀಲಿಕೈ ಯಜಮಾನನ ಸೊಂಟದಲ್ಲಿ. ಈ ಎರಡು ಬೀಗಗಳ ಬೆಲೆಯನ್ನು ಮೊದಲೇ ತೆಗೆದಿರಿಸಿ, ಉಳಿದ ಹಣದಲ್ಲಿ ಆಯುಧವನ್ನು ಆರಿಸುವುದೇ ಸರಿಯಾದ ಆಯವ್ಯಯ.

ತರುಣನು ಎದ್ದು ಹೊರಡುವಾಗ ಇನ್ನೊಂದು ವಿಷಯ ನೆನಪಾಯಿತು. ಅವನ ದೊಡ್ಡಪ್ಪನ ಹೆಸರಿನಲ್ಲಿ ಒಂಟಿನಳಿಗೆಯ ತೋಟಾ ಕೋವಿಯೊಂದು ಬಹುಕಾಲದಿಂದ ಇದೆ. ವೃದ್ಧರಿಗೆ ಎಪ್ಪತ್ತು ದಾಟಿದೆ, ಮಕ್ಕಳಿಲ್ಲ. ಪರವಾನಗಿದಾರನಿಗೆ 70 ವರ್ಷ ತುಂಬಿದಾಗಲೋ, 25 ವರ್ಷ ಆಯುಧವನ್ನು ಹೊಂದಿದ ಮೇಲೋ, ಅದನ್ನು ತನ್ನ ವಾರಸುದಾರನಿಗೆ ಬಿಟ್ಟುಕೊಡುವ ಅರ್ಜಿಗೆ 2016ರ ನಿಯಮಗಳಲ್ಲಿ ಅವಕಾಶವಿದೆ. ತಮ್ಮನ ಮಗನು ಆ ವಾರಸುದಾರನೆನಿಸುವನೋ ಇಲ್ಲವೋ ಎಂಬುದನ್ನು ಕಚೇರಿಯಲ್ಲಿ ವಿಚಾರಿಸಬೇಕು. ಆಗದಿದ್ದರೆ 45 ದಿನಗಳ ದಾರಿ ಇದ್ದೇ ಇದೆ. ಇದನ್ನು ಹೇಳಿದಾಗ ಅವನು ಮೆಟ್ಟಿಲಲ್ಲಿಯೇ ನಿಂತನು. “ಹಾಗಾದರೆ ದುಡ್ಡೇ ಬೇಡವಲ್ಲ, ಮಾಷ್ಟ್ರೇ” ಎಂದನು. ಬೀಗಕ್ಕೂ ಎಣ್ಣೆಗೂ ತರಬೇತಿಗೂ ಬೇಕು, ಎಂದೆ. ಮರುವಾರ ಬಿಡದೆ ಸುರಿಯುವ ಮಳೆಯಲ್ಲಿ, ಕಾಗದಗಳನ್ನು ಪ್ಲಾಸ್ಟಿಕ್ಕಿನ ಚೀಲದಲ್ಲಿ ಸುತ್ತಿಕೊಂಡು, ಕೊಡೆಯನ್ನು ದೊಡ್ಡಪ್ಪನ ತಲೆಯ ಮೇಲೆ ಹಿಡಿದು, ಅವರಿಬ್ಬರೂ ವಿದ್ಯಾನಗರಕ್ಕೆ ಹೋಗುವ ಬಸ್ಸನ್ನು ಹತ್ತುವುದನ್ನು ನಾನು ಗೇಟಿನ ಬಳಿ ನಿಂತು ನೋಡಿದೆನು.